ಒಂಬತ್ತು ಪಾದದ ಗುಣಿ

ನನ್ನ ಅಕ್ಕ ಮಲ್ಕಮ್ಮ ಲಿಂಗೈಕ್ಯಳಾದ ಸುದ್ದಿ ಕಾರ್ತಿಕದ ಒಂದು ಸೋಮವಾರ ಆಳಂದಕ್ಕೆ ಬಂತು. ಜೇವರ್ಗಿಯಲ್ಲಿದ್ದ ಮಗಳ ಮನೆಗೆ ಹೋಗಿದ್ದಳು. ಬೆಳಗಿನ ಪೂಜೆ ಮುಗಿಸಿ, ಲಿಂಗವನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿದವಳು ಮತ್ತೆ ಕಣ್ಣು ತೆರೆಯಲಿಲ್ಲವಂತೆ. ಸುದ್ದಿ ತಂದವನು ಮೋಟಾರಿನಿಂದ ಇಳಿದು ನೇರವಾಗಿ ನನ್ನ ಅರಿವೆ ಅಂಗಡಿಗೆ ಬಂದು, ನಿಂತಲ್ಲಿಯೇ ಹೇಳಿದ.

ಪಕ್ಕದ ಕಿರಾಣಿ ಅಂಗಡಿಯ ಚಂದ್ರಾಮ ಅದನ್ನು ಕೇಳಿಸಿಕೊಂಡು, ತಕ್ಕಡಿ ಹಿಡಿದುಕೊಂಡೇ ನಕ್ಕ. "ಮತ್ತ ಹೋದಳೇನ್ರಿ ಅಕ್ಕ? ಈ ಸಲ ಯಾವ ಓಣ್ಯಾಗ ಕಟ್ಟಸ್ತೀರಿ ಸಾವಕಾರ್ರ?" ಎಂದ. ಆಮೇಲೆ ನನ್ನ ಮುಖ ನೋಡಿದ. ತಕ್ಕಡಿಯನ್ನು ಮೆಲ್ಲಗೆ ಕೆಳಗಿಟ್ಟು ತಲೆಯ ಟೊಪ್ಪಿಗೆ ತೆಗೆದ.

ಚಂದ್ರಾಮನದು ತಪ್ಪಿಲ್ಲ. ಎಂಟು ವರ್ಷಗಳ ಹಿಂದೆ, ಮೂವತ್ತೆಂಟನೆಯ ಇಸವಿಯಲ್ಲಿ, ಇಡೀ ಆಳಂದ ನನ್ನ ಅಕ್ಕನಿಗಾಗಿ ಒಮ್ಮೆ ಅತ್ತು ಮುಗಿಸಿತ್ತು. ಆಗ ಅವಳು ಗಟ್ಟಿಯಾಗಿ ಬದುಕಿದ್ದಳು. ಆ ಅಳುವಿಗೆ ಕಾರಣ ನಾನು. ಅದು ನಡೆದದ್ದು ಹೀಗೆ.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅಫಜಲಪುರದ ಕಡೆ ಗೊಬ್ಬೂರಿಗೆ ಕೊಟ್ಟಿದ್ದರು. ಗಂಡ ತೀರಿದ ಮೇಲೆ, ಮಗಳ ಮದುವೆ ಮುಗಿಸಿ, ನನ್ನ ಮನೆಗೆ ಬಂದು ಉಳಿದಳು. ನಮ್ಮ ಓಣಿಯ ಹೆಂಗಸರು ನೀರಿನ ಚರಗಿ ಹಿಡಿದು ಬಯಲಕಡೆಗೆ ಹೋಗುತ್ತಿದ್ದುದು ಊರ ಹಿಂದಿನ ಹಳ್ಳದ ದಂಡೆಗೆ. ಅಲ್ಲಿನ ಜಾಲಿಕಂಟಿಗಳೇ ಅವರಿಗೆ ಮರೆ. ಸರಕಾರ ಆ ಜಾಲಿಯನ್ನೆಲ್ಲ ಕಡಿಸಿ ಹತ್ತಿ ಮಾರುವ ಗಂಜ್ ಪೇಟೆಗೆ ಹೊಸ ಸಡಕು ಹಾಕಿಸಿತು. ಸಡಕು ಬಹಳ ಚೆನ್ನಾಗಿತ್ತು. ಹೆಂಗಸರು ಮಾತ್ರ ಗಾಡಿ ಬಂದರೆ ಎದ್ದು ನಿಲ್ಲಬೇಕು, ಮೋಟಾರು ಬಂದರೆ ಎದ್ದು ನಿಲ್ಲಬೇಕು. ಹಾಗೆ ಅವಸರದಿಂದ ಏಳಲು ಹೋಗಿ ಅಕ್ಕ ಹಳ್ಳಕ್ಕೆ ಉರುಳಿ ಮೊಣಕಾಲು ಕೆಡಿಸಿಕೊಂಡಳು.

ಅಂದಿನಿಂದ ಅವಳು ಮಧ್ಯಾಹ್ನದ ಮೇಲೆ ನೀರು ಮುಟ್ಟುವುದನ್ನು ಬಿಟ್ಟಳು. ಸಂಜೆಯ ಊಟ ಬಿಟ್ಟಳು. ಕೇಳಿದರೆ ವ್ರತವೆಂದಳು. ಶಿವಭಕ್ತನಾದ ನಾನು ಆ ವ್ರತವನ್ನು ಬಜಾರದಲ್ಲೆಲ್ಲ ಹೊಗಳಿಕೊಂಡು ತಿರುಗಿದೆ. ಅವಳ ತುಟಿ ಒಡೆದದ್ದೂ ಕಣ್ಣು ಗುಳಿಬಿದ್ದದ್ದೂ ತಪಸ್ಸಿನ ಕಳೆಯೆಂದು ಎರಡು ವರ್ಷ ತಿಳಿದಿದ್ದೆ.

ಆಗ ನನ್ನನ್ನು ಬಲ್ದಿಯಾ ಕಮಿಟಿಗೆ, ಎಂದರೆ ಊರಿನ ಪೌರಸಭೆಗೆ, ವ್ಯಾಪಾರಸ್ಥರ ಪರವಾಗಿ ಮೆಂಬರನನ್ನಾಗಿ ನೇಮಿಸಿದರು. ನಾನು ಕಪ್ಪು ಶೇರವಾನಿ ಹೊಲಿಸಿದೆ. ಬಾಗಿಲಿಗೆ 'ಗುರಣ್ಣ ಸಾವಕಾರ, ಮೆಂಬರ' ಎಂದು ಹಲಗೆ ತೂಗಹಾಕಿಸಿದೆ. ಶೇರವಾನಿ ತೊಟ್ಟು ಅಕ್ಕನ ಕಾಲಿಗೆ ಬಿದ್ದಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಛಲೋ ಆತು. ಸರಕಾರ ನಿನಗ ಕೂಡಾಕ ಕುರ್ಚಿ ಕೊಟ್ಟದ. ಓಣಿ ಹೆಣ್ಮಕ್ಕಳಿಗೂ ಕೂಡಾಕ ಒಂದು ಜಾಗಾ ಕೇಳಿ ನೋಡು."

"ಯಾವ ಜಾಗಾ ಅಕ್ಕ?"

"ಗೋಡಿ ಇದ್ದ ಜಾಗಾ," ಎಂದಳು. ನನಗೆ ತಿಳಿಯಲಿಲ್ಲವೆಂದು ಕಂಡು, "ಅದು ವ್ರತ ಅಲ್ಲೋ ಹುಚ್ಚಾ. ನೀರು ಕುಡದರ ಹೋಗಬೇಕಾಗ್ತದ. ಎಲ್ಲಿ ಹೋಗಲಿ?" ಎಂದಳು.

ಶೇರವಾನಿಯ ಗುಂಡಿಗಳು ನನಗೆ ಬಿಗಿಯಾದವು. ಲಿಂಗ ಮುಟ್ಟಿ ಹೇಳಿದೆ: "ನಾಲ್ಕು ಗೋಡಿ ಎಬ್ಬಸ್ತೇನಿ ಅಕ್ಕ. ನೀ ಹೊಟ್ಟಿ ತುಂಬ ನೀರು ಕುಡ್ಯೋದು ನಾ ನೋಡಬೇಕು."

ಕಮಿಟಿಯಲ್ಲಿ ನಾನು ಎದ್ದು ನಿಂತು ಹೆಂಗಸರಿಗೆ ಸಂಡಾಸ ಬೇಕೆಂದಾಗ ಒಬ್ಬ ಮೆಂಬರನೂ ಬೇಡವೆನ್ನಲಿಲ್ಲ. ಪ್ರತಿಯೊಬ್ಬರೂ ಅತ್ಯಗತ್ಯವೆಂದರು, ಪ್ರತಿಯೊಬ್ಬರೂ ಇನ್ನೊಬ್ಬರ ಓಣಿಯಲ್ಲಿ ಆಗಲಿ ಎಂದರು. ಐದು ಸಭೆಗಳಲ್ಲಿ ಆ ಸಂಡಾಸ ಊರಿನ ಎಂಟೂ ದಿಕ್ಕು ತಿರುಗಿ ಕೊನೆಗೆ ಊರ ಹೊರಗೆ ಅರ್ಧ ಹರದಾರಿ ದೂರ ಹೋಗಿ ನಿಂತಿತು. ಅಷ್ಟು ದೂರ ನಡೆಯುವ ಕಾಲಿದ್ದರೆ ಸಂಡಾಸವೇ ಬೇಕಾಗಿರಲಿಲ್ಲ. ಅದನ್ನು ಅಲ್ಲಿಂದ ತಂದು ಉಳಿಸಿದವರು ನಮ್ಮ ಹಿಂದಿನ ಮನೆಯ ಫಕ್ರುನ್ನಿಸಾ ಬೇಗಂ. ಅವರ ಮನೆಯ ಸೊಸೆಯರು ಗೋಷೆಯವರು, ಪರಗಂಡಸರ ಕಣ್ಣಿಗೆ ಬೀಳದವರು. ಅವರಿಗೂ ಹೊತ್ತು ಹುಟ್ಟುವುದಕ್ಕೆ ಮುಂಚೆ ಹಳ್ಳವೇ ಗತಿ. ಪರದೆಯ ಹಿಂದಿನಿಂದ ಆಕೆ ನನಗೆ ಹೇಳಿಕಳಿಸಿದರು: "ನನ್ನ ಹಿತ್ತಲದಾಗ ಅರ್ಧಾ ತಗೋರಿ ಭಾಯಿ. ಓಣಿ ಕಡಿ ಬಾಗಲಾ ಇಡ್ರಿ, ಎಲ್ಲಾರೂ ಬರಲಿ."

ಕಮಿಟಿಯ ಮುಖ್ಯರಾದ ತಹಸೀಲದಾರರು ಸರಕಾರಿ ನಕಾಶೆ ಬಿಡಿಸಿದರು. ಅದರಲ್ಲಿ ಕೆಳಗೊಂದು ಡಬ್ಬಿ. ದಿನವೂ ಬೆಳಗ್ಗೆ ಒಬ್ಬ ಮನುಷ್ಯ ಬಂದು ಅದನ್ನು ತಲೆಯ ಮೇಲೆ ಹೊತ್ತು ಒಯ್ಯಬೇಕು.

ನಾನು ಮನೆಗೆ ಬಂದು ಹೇಳಿದೆ. ಅಕ್ಕ, "ನನ್ನದನ್ನ ಇನ್ನೊಬ್ಬ ತಾಯಿ ಮಗ ತಲಿಮ್ಯಾಲ ಹೊರೋದಾದ್ರ ನನಗ ಬ್ಯಾಡ. ನೀರು ಕುಡೀದೇ ಇರ್ತೇನಿ," ಎಂದಳು. ಮುಂದಿನ ಸಭೆಯಲ್ಲಿ ಅದನ್ನೇ ಹೇಳಿದೆ. ಆಳವಾದ ಗುಣಿ ತೋಡಿ ಮೇಲೆ ಫರಶಿ ಕಲ್ಲು ಹಾಸಿದರೆ ಯಾರೂ ಏನನ್ನೂ ಹೊರಬೇಕಾಗಿಲ್ಲವೆಂದೆ. ನಕಾಶೆಯಲ್ಲಿ ಗುಣಿ ಇಲ್ಲವೆಂದು ತಹಸೀಲದಾರರು ಉರ್ದುವಿನಲ್ಲಿ ಅರ್ಧ ತಾಸು ವಿವರಿಸಿದರು. ನಾನು ಕನ್ನಡದಲ್ಲಿ ಒಂದು ತಾಸು ವಿವರಿಸಿದೆ. ಊಟದ ಹೊತ್ತು ಮೀರಿದ್ದರಿಂದ ಠರಾವಾಯಿತು: ಗುಣಿ ನಾನು ತೋಡಿಸಬೇಕು, ಗೋಡೆಯ ಕಲ್ಲು ಮತ್ತು ತಗಡಿನ ಬಾಗಿಲು ಕಮಿಟಿಯದು. 'ಮೆಂಬರರ ವೃದ್ಧ ಅಕ್ಕನು ದೂರ ನಡೆಯಲಾರದ ಕಾರಣ' ಎಂದು ಕಾರಣವನ್ನೂ ಬರೆದರು.

ಇಲ್ಲಿಯವರೆಗೆ ನಾನು ಬುದ್ಧಿವಂತನಾಗಿಯೇ ನಡೆದುಕೊಂಡಿದ್ದೆ.

ಊರಲ್ಲಿ ಆಳದ ಗುಣಿಯನ್ನು ಗೋಡೆ ಕುಸಿಯದಂತೆ ನೆಟ್ಟಗೆ ತೆಗೆಯುವವನು ಒಬ್ಬನೇ, ಹುಲೆಪ್ಪ. ನಮ್ಮವರಲ್ಲಿ ಲಿಂಗೈಕ್ಯರಾದವರನ್ನು ಕೂಡಿಸಿ ಮಣ್ಣು ಮಾಡುವ ಗುಣಿಗಳನ್ನು ತೋಡುವುದು ಅವನ ಕಾಯಕ. ಬಹಳ ಮೃದು ಮನಸ್ಸಿನವನು, ಮಾತು ಕಡಿಮೆ. ಅವನು ನನಗೆ ಸಿಕ್ಕದ್ದು ನಡು ಬಜಾರದಲ್ಲಿ. ನಾನು ಶೇರವಾನಿಯಲ್ಲಿದ್ದೆ, ಸುತ್ತಲೂ ಜನ. ಮೆಂಬರನಾದವನು ಅಷ್ಟು ಜನರ ನಡುವೆ ಸಂಡಾಸ ಎಂಬ ಮಾತನ್ನು ಹೇಗೆ ಆಡುವುದು? ಅವನ ಹೆಗಲ ಮೇಲೆ ಕೈಯಿಟ್ಟು, ಮೆಲ್ಲಗೆ, ಗೌರವದಿಂದ ಹೇಳಿದೆ:

"ಹುಲೆಪ್ಪಾ, ನಮ್ಮ ಅಕ್ಕನ ಸಲುವಾಗಿ ಒಂದು ಗುಣಿ ಬೇಕಪ್ಪಾ. ಆಕಿಗೆ ಇನ್ನ ನಡ್ಯಾಕ ಆಗಂಗಿಲ್ಲ."

ಹುಲೆಪ್ಪ ಎರಡೂ ಕೈ ಜೋಡಿಸಿದ. "ಯಾವಾಗರಿ?" ಎಂದ.

"ಲಗೂನ ಆಗಬೇಕು. ಭಾಳ ದಿನಾ ಆಕಿ ತಡ್ಯಾಂಗಿಲ್ಲ."

"ಅಳತಿ ತಗೋಬೇಕಾಗ್ತದರಿ. ಒಂಬತ್ತು ಪಾದ."

ಯಾರ ಗುಣಿಯೋ ಅವರ ಪಾದದಿಂದ ಒಂಬತ್ತು ಪಾದ ಅಳೆಯುವುದು ಸಮಾಧಿಯ ಪದ್ಧತಿ. ಅದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಗುಣಿ ತೋಡುವವನಿಗೆ ಅದೊಂದೇ ಲೆಕ್ಕ ಬರುತ್ತದೆ, ತೋಡಲಿ ಎಂದುಕೊಂಡೆ. "ಅಕ್ಕಂದೇ ಅಳತಿ ತಗೋ," ಎಂದೆ.

ಅವನು ದಾರ ಹಿಡಿದು ಮನೆಗೆ ಬಂದು, ಕಣ್ಣಲ್ಲಿ ನೀರು ತುಂಬಿಕೊಂಡು ಅಕ್ಕನ ಪಾದ ಅಳೆದ. ಅಕ್ಕ ಅದನ್ನು ಹೊಸ ಕೆರ ಹೊಲಿಸಲು ಎಂದು ತಿಳಿದಳು. "ಮೆಂಬರ ಆದಮ್ಯಾಲ ತಮ್ಮಗ ಅಕ್ಕನ ಕಾಲು ಕಂಡುವು," ಎಂದು ಕಾಲನ್ನು ಚೆನ್ನಾಗಿ ಚಾಚಿಕೊಟ್ಟಳು. ಬದುಕಿರುವಾಗಲೇ ನಗುನಗುತ್ತ ತನ್ನ ಗುಣಿಗೆ ಅಳತೆ ಕೊಟ್ಟ ಶರಣೆಯನ್ನು ಹುಲೆಪ್ಪ ಜನ್ಮದಲ್ಲಿ ಕಂಡಿರಲಿಲ್ಲ. ನಮಸ್ಕಾರ ಮಾಡಿ ಹೋದ.

ಮರುದಿನ ನಸುಕಿನಲ್ಲಿ ಅಕ್ಕ ನನ್ನ ಹೆಂಡತಿಯೊಡನೆ ಸಂಬಂಧಿಕರ ತೊಟ್ಟಿಲ ಕಾರ್ಯಕ್ಕೆ ಕಡಗಂಚಿಗೆ ಹೋದಳು. ಗಾಡಿ ಹೋದದ್ದನ್ನು ಓಣಿಯಲ್ಲಿ ಯಾರೂ ನೋಡಲಿಲ್ಲ. ಎದ್ದವರು ನೋಡಿದ್ದು ಹಿತ್ತಲಲ್ಲಿ ಗುಣಿ ತೋಡುತ್ತಿದ್ದ ಹುಲೆಪ್ಪನನ್ನು ಮಾತ್ರ.

ಅಂದು ಸಂತೆ. ಸಂತೆಯಿಂದ ಹೊರಟಾಗ ಸುದ್ದಿ, 'ಮಲ್ಕಮ್ಮಗ ಗುಣಿ ತೋಡಾಕತ್ತಾರ' ಎಂದಷ್ಟೇ ಇತ್ತು. ಅಫಜಲಪುರ ಮುಟ್ಟುವಷ್ಟರಲ್ಲಿ 'ಮಾತು ನಿಂತಾವ' ಎಂದಾಯಿತು. ಜೇವರ್ಗಿಗೆ ಮುಟ್ಟಿದಾಗ ಅಕ್ಕ ಕೈಲಾಸ ಸೇರಿ ಒಂದು ದಿನವಾಗಿತ್ತು.

ಮೂರನೆಯ ದಿನ ಬೆಳಗ್ಗೆ ಗೊಬ್ಬೂರಿನಿಂದ ನಾಲ್ಕು ಗಾಡಿಗಳು ಬಂದವು. ಮುಂದಿನ ಗಾಡಿಯಲ್ಲಿ ಅಕ್ಕನ ಮೈದುನ, ದೊಡ್ಡಪ್ಪನೆಂಬ ಹೆಸರಿನವನು. ಮೆಂಬರನ ಮೊದಲ ಕೆಲಸವನ್ನು ನೋಡಲು ಬೀಗರು ಇಷ್ಟು ದೂರ ಬಂದರಲ್ಲ ಎಂದು ನಾನು ಹಿಗ್ಗಿ ಶೇರವಾನಿ ತೊಟ್ಟು ಹೊರಬಂದೆ. ಅವರ ಕಣ್ಣಲ್ಲಿ ನೀರಿತ್ತು. ದೊಡ್ಡ ಕೆಲಸ ಮಾಡಿದವನನ್ನು ಕಂಡಾಗ ಹಿರಿಯರ ಕಣ್ಣು ತುಂಬುವುದು ಸಹಜವೆಂದು ತಿಳಿದೆ.

ದೊಡ್ಡಪ್ಪ ನನ್ನನ್ನು ತಬ್ಬಿಕೊಂಡ. "ಕಡೀಗೂ ಆಗಿಹೋತಲ್ಲೋ ಗುರಣ್ಣಾ."

"ಶಿವನ ಕೃಪಾ ಅಣ್ಣಾರ. ಎರಡು ವರ್ಷದಿಂದ ಹಾದಿ ನೋಡಾಕತ್ತಿದ್ದಳು," ಎಂದೆ.

"ಅಷ್ಟು ಬ್ಯಾಸತ್ತಿದ್ದಳೇನು ವೈನಿ?"

"ಕೇಳಬ್ಯಾಡ್ರಿ. ದಿನಾ ಅನ್ನೋಳು, ಯಾವಾಗ ಆಗ್ತದೋ ತಮ್ಮಾ ಅಂತ. ಇನ್ನ ಆ ತ್ರಾಸ ಇಲ್ಲ."

"ಎಲ್ಲಿ ಮಾಡೀರಿ?"

"ಇಲ್ಲೇ, ಹಿತ್ತಲದಾಗ."

ದೊಡ್ಡಪ್ಪನ ಮುಖ ಸಣ್ಣದಾಯಿತು. "ಹಿತ್ತಲದಾಗ ಯಾಕೋ? ಗೊಬ್ಬೂರಾಗ ನಮ್ಮ ಹೊಲ ಇತ್ತಲ್ಲ. ಅಣ್ಣನ ಬಾಜೂಕ ಜಾಗಾ ಇಟ್ಟಿದ್ದೆವು."

"ಅಷ್ಟು ದೂರ ದಿನಾ ಹ್ಯಾಂಗ ಹೋಗಿ ಬರಬೇಕ್ರಿ ಆಕಿ?" ಎಂದೆ.

ದೊಡ್ಡಪ್ಪ ನನ್ನ ತೋಳು ಬಿಟ್ಟ. ನಾನು ಸಾರ್ವಜನಿಕ ಕೆಲಸದ ಉತ್ಸಾಹದಲ್ಲಿದ್ದೆ. "ಮತ್ತ ಇದು ಆಕಿ ಒಬ್ಬಾಕಿಗೇ ಅಲ್ಲ ಅಣ್ಣಾರ. ಓಣಿ ಹೆಣ್ಮಕ್ಕಳಿಗೆಲ್ಲಾ ಮಾಡಸೀನಿ. ಒಮ್ಮಿಗೆ ಇಬ್ಬರು ಹಿಡೀತಾರ. ನಿಮ್ಮ ಮನಿಯವರು ಬಂದಾಗ ಅವರಿಗೂ ನಡೀತದ."

ದೊಡ್ಡಪ್ಪನ ಹೆಂಡತಿ ಮೂರು ಹೆಜ್ಜೆ ಹಿಂದೆ ಸರಿದು ಗಾಡಿಯ ಮರೆಗೆ ನಿಂತಳು.

ಅಷ್ಟರಲ್ಲಿ ಜೇವರ್ಗಿಯಿಂದ ಅಕ್ಕನ ಮಗಳು ಸುಭದ್ರಾಬಾಯಿ ಮೋಟಾರು ಇಳಿದು ಎದೆ ಬಡಿದುಕೊಳ್ಳುತ್ತ ಬಂದಳು. "ಮಾವಾ, ನನ್ನ ಅವ್ವ ಎಲ್ಲಿ?"

"ಕಡಗಂಚಿಗೆ ಹೋಗ್ಯಾಳವ್ವಾ, ತೊಟ್ಟಿಲ ಕಾರ್ಯಕ್ಕ. ಇನ್ನೇನು ಬರ್ತಾಳ," ಎಂದೆ.

ಸುಭದ್ರೆ ಅಲ್ಲಿಯೇ ಕುಸಿದಳು. ದೊಡ್ಡಪ್ಪ ತನ್ನ ಆಳುಗಳಿಗೆ, "ದುಃಖಕ್ಕ ತಲಿ ತಿರುಗ್ಯಾದ ಇವಂದು. ಹಿಡ್ಕೋರಿ, ತಣ್ಣೀರು ತರ್ರಿ," ಎಂದ. ಇಬ್ಬರು ನನ್ನ ತೋಳು ಹಿಡಿದರು. ಮೂರನೆಯವನು ಒಂದು ಕೊಡ ನೀರನ್ನು ಶೇರವಾನಿ ಸಮೇತ ನನ್ನ ತಲೆಯ ಮೇಲೆ ಸುರಿದ. ಹಿತ್ತಲಿಂದ ಶಂಖದ ಸಪ್ಪಳ ಕೇಳಿ ಹೊರಳಿ ನೋಡಿದೆ. ಮಠದ ಅಯ್ಯನವರು ಗುಣಿಯ ದಂಡೆಯಲ್ಲಿ ನಿಂತು ವಿಭೂತಿ, ಬಿಲ್ವಪತ್ರಿ ಹಾಕುತ್ತಿದ್ದರು. ಆಗ ನನಗೆ ಎಲ್ಲವೂ ಒಮ್ಮೆಗೇ ತಿಳಿಯಿತು. ಹೇಳಲು ಬಾಯಿ ತೆರೆದೆ. ಎರಡನೆಯ ಕೊಡ ಸುರಿದರು.

ಬಾಯಿಯ ನೀರು ಉಗುಳುವಷ್ಟರಲ್ಲಿ ತಹಸೀಲದಾರರು ಮೆಂಬರರೆಲ್ಲರ ಸಮೇತ ಹಾರ ಹಿಡಿದು ಬಂದರು. ಕಮಿಟಿ ಅಂದು ಬೆಳಗ್ಗೆಯೇ ಸಭೆ ಸೇರಿ, ಸಂತಾಪದ ಠರಾವು ಮಾಡಿ, ಕಚೇರಿಗೆ ಅರ್ಧ ದಿನ ಸೂಟಿ ಕೊಟ್ಟಿತ್ತು. ಠರಾವನ್ನು ಓಣಿಯಲ್ಲಿ ನಿಂತು ಓದಿದರು; ನಾನು ಬಾಯಿ ತೆರೆದಾಗಲೆಲ್ಲ ಆಳುಗಳು ಮತ್ತೆ ನೀರು ಸುರಿದರು. ನನ್ನ ಅಕ್ಕನನ್ನು ಎಂದೂ ನೋಡದವರು ಅವಳ ಗುಣಗಳನ್ನು ಇಪ್ಪತ್ತು ನಿಮಿಷ ಹೇಳಿದರು. ನಾನೂ ಅರಿಯದ ಕೆಲವು ಗುಣಗಳು ಅದರಲ್ಲಿದ್ದವು.

ಆ ಹೊತ್ತಿಗೆ ಕಡಗಂಚಿಯ ಗಾಡಿ ಓಣಿಗೆ ತಿರುಗಿತು.

ಅಕ್ಕ ಗಾಡಿಯಿಂದ ನೋಡಿದ್ದು ಬಾಗಿಲ ತುಂಬ ಜನ, ಶಂಖ, ಹಾರ, ಅಳುತ್ತಿದ್ದ ಮಗಳು. ಆ ಗುಂಪಿನಲ್ಲಿ ನಾನೊಬ್ಬನೇ ಅವಳಿಗೆ ಕಾಣಲಿಲ್ಲ. ಮೊಣಕಾಲಿನ ನೋವು ಮರೆತು ಕೆಳಗೆ ಇಳಿದು, ದನಿ ತೆಗೆದು ಅತ್ತಳು: "ಹೋದ್ಯೇನೋ ನನ್ನ ತಮ್ಮಾ, ಮೆಂಬರಕಿ ನಾಲ್ಕು ದಿನಾ ಉಣ್ಣಲಿಲ್ಲಲ್ಲೋ, ಆ ಕರಿ ಅಂಗಿ ಹೊಸಾದಿತ್ತಲ್ಲೋ ನನ್ನಪ್ಪಾ."

ಜನ ಇಬ್ಭಾಗವಾಗಿ ದಾರಿ ಬಿಟ್ಟರು. ಯಾರ ಸಾವಿಗೆ ಬಂದಿದ್ದರೋ ಅವಳೇ ಅಳುತ್ತ ನಡೆದು ಬರುತ್ತಿದ್ದಳು. ಓದುತ್ತಿದ್ದ ತಹಸೀಲದಾರರು 'ದಿವಂಗತೆಯು ಮೌನ ಸ್ವಭಾವದವಳಾಗಿದ್ದು' ಎಂಬಲ್ಲಿಗೆ ನಿಂತರು. ಗಲಾಟೆ ಏನೆಂದು ನೋಡಲು ಗುಣಿಯಿಂದ ಮೇಲಕ್ಕೆ ಬಂದ ಹುಲೆಪ್ಪ ಅವಳನ್ನು ಕಂಡು ತಿರುಗಿ ಗುಣಿಗೇ ಬಿದ್ದ.

ನನ್ನನ್ನು ಬಿಟ್ಟರು. ನೀರು ಸುರಿಸುತ್ತ ಎಲ್ಲರ ನಡುವೆ ನಿಂತು, ಮೂರು ದಿನದ ಹಿಂದೆ ಹೇಳಲು ನಾಚಿದ್ದ ಆ ಮಾತನ್ನು ಗಟ್ಟಿಯಾಗಿ ಹೇಳಿದೆ: "ಅದು ಸಂಡಾಸರಿ. ಸಂಡಾಸದ ಗುಣಿ."

ಮಗಳು ತಾಯಿಯನ್ನು ಅಪ್ಪಿಕೊಂಡು ಅತ್ತಳು. ಅಕ್ಕ ಅವಳ ಬೆನ್ನು ಸವರಿ, ಕುಂಟುತ್ತ ಹಿತ್ತಲಿಗೆ ಹೋಗಿ ಗುಣಿಯೊಳಗೆ ಬಗ್ಗಿ ನೋಡಿದಳು. ಹುಲೆಪ್ಪ ತನ್ನ ಕಾಯಕದಲ್ಲಿ ಏನನ್ನೂ ಕಡಿಮೆ ಮಾಡಿರಲಿಲ್ಲ. ನಾಲ್ಕೂ ಮೂಲೆ ನೆಟ್ಟಗೆ, ಇಳಿಯಲು ಮೂರು ಮೆಟ್ಟಿಲು, ಗೋಡೆಯಲ್ಲಿ ಒಂದು ಗೂಡು.

"ಈ ಗೂಡು ಯಾಕಪ್ಪಾ ಹುಲೆಪ್ಪಾ?"

"ನಿಮ್ಮನ್ನ ಕೂಡಸಾಕರಿ ಯವ್ವಾ," ಎಂದ ಹುಲೆಪ್ಪ, ಸೊಂಟ ಹಿಡಿದುಕೊಂಡು.

"ನಾ ಮ್ಯಾಲೇ ಕೂಡ್ತೇನಿ. ಮುಚ್ಚು ಅದನ್ನ. ಕೆಲಸ ಛಲೋ ಮಾಡೀದಿ."

ಆದರೆ ಅಯ್ಯನವರು ಕೈ ಅಡ್ಡ ತಂದರು. ವಿಭೂತಿ ಬಿದ್ದ ಮೇಲೆ ಅದು ಸಮಾಧಿಯ ಸ್ಥಳ, ಸಂಡಾಸ ಮಾಡಲು ಬರುವುದಿಲ್ಲ, ಮುಚ್ಚಿಬಿಡಬೇಕು ಎಂದರು. ತಹಸೀಲದಾರರದು ಬೇರೆ ಅಡ್ಡಿ. ಸಂಡಾಸ ಮಂಜೂರಾದದ್ದು ಮೆಂಬರರ ವೃದ್ಧ ಅಕ್ಕನ ಸಲುವಾಗಿ. ಅಕ್ಕ ತೀರಿಕೊಂಡದ್ದು ಇಂದು ಬೆಳಗ್ಗೆ ದಫ್ತರಿನಲ್ಲಿ ದಾಖಲಾಗಿದೆ. ಮುಂದಿನ ತಿಂಗಳ ಸಭೆಯಲ್ಲಿ ಆಕೆ ಜೀವಂತ ಇದ್ದಾಳೆಂದು ಠರಾವಾಗುವವರೆಗೆ ಕಲ್ಲು, ತಗಡು ಬಿಡುವಂತಿಲ್ಲ.

"ಆಕಿ ಇಲ್ಲೇ ನಿಂತಾಳಲ್ರಿ ಸಾಹೇಬ್ರ," ಎಂದೆ.

ತಹಸೀಲದಾರರು ಅಕ್ಕನನ್ನು ಮರ್ಯಾದೆಯಿಂದ ನೋಡಿ, ತಮಗೆ ವೈಯಕ್ತಿಕವಾಗಿ ಸಂಶಯವಿಲ್ಲ, ದಫ್ತರಿಗೆ ಇದೆ ಎಂದರು.

ಓಣಿಯ ಹೆಂಗಸರು ಗೋಡೆಗಳ ಹಿಂದೆ, ಮಾಳಿಗೆಗಳ ಮೇಲೆ ನಿಂತು ಕೇಳುತ್ತಿದ್ದರು. ನನಗೆ ಇನ್ನೊಂದು ತಿಂಗಳು, ಆಮೇಲೆ ಇನ್ನೊಂದು ವರ್ಷ, ಅಕ್ಕನ ಒಡೆದ ತುಟಿ, ಇವೇ ಕಣ್ಣ ಮುಂದೆ ಬಂದವು. ಹಾಗಾಗಗೊಡುವುದಿಲ್ಲ ಎಂದು ಗುಣಿಯ ಅಡ್ಡ ಹೋಗಿ ನಿಂತೆ. "ಇದನ್ನ ಮುಚ್ಚೋದಾದ್ರ ನನ್ನನ್ನ ಒಳಗ ಹಾಕಿ ಮುಚ್ಚರಿ," ಎಂದೆ.

"ನೀ ಸುಮ್ಮನಿರು. ಅಳತಿ ನಂದು," ಎಂದಳು ಅಕ್ಕ. ಅಯ್ಯನವರ ಕಡೆ ತಿರುಗಿದಳು. "ಅಯ್ಯನವರ, ಈ ಗುಣಿ ಯಾರದು?"

"ನಿಮ್ಮದವ್ವಾ."

"ನಾ ಇನ್ನೂ ಅದೇನಿ. ನನ್ನ ಗುಣ್ಯಾಗ ಏನಿರಬೇಕು ಅಂತ ನಾ ಹೇಳ್ತೇನಿ. ನೀವು ಹಾಕಿದ ವಿಭೂತಿ ನೀವೇ ತಕ್ಕೊಳ್ರಿ. ಮೆಟ್ಟಲಾ ಅದಾವ, ಸಾವಕಾಶ ಇಳೀರಿ."

ಅಯ್ಯನವರು ಶಾಸ್ತ್ರ ಹೇಳಲು ಹೊರಟರು. ಅಕ್ಕ ದನಿ ಏರಿಸಲಿಲ್ಲ. "ಎರಡು ವರ್ಷ ಹಗಲೆಲ್ಲಾ ಬಾಯಿ ಒಣಗಿಸಿಕೊಂಡು ಪೂಜಾ ಮಾಡೀನಿ. ಮಂತ್ರ ಅನ್ನಾಕ ನಾಲಿಗಿ ಏಳತಿದ್ದಿಲ್ಲ. ಅದು ಯಾವ ಶಾಸ್ತ್ರದಾಗ ಅದರಿ?"

ಅಯ್ಯನವರು ಒಳ್ಳೆಯ ಮನುಷ್ಯರು. ಮೆಟ್ಟಿಲು ಇಳಿದು, ವಿಭೂತಿ ಬಿದ್ದ ಮಣ್ಣನ್ನೂ ಬಿಲ್ವದ ಎಲೆಗಳನ್ನೂ ಒಂದೊಂದಾಗಿ ಆರಿಸಿ ತಮ್ಮ ಜೋಳಿಗೆಗೆ ಹಾಕಿಕೊಂಡು ಮೇಲೆ ಬಂದರು. "ಇನ್ನ ಇದು ಬರೇ ಗುಣಿ," ಎಂದರು.

ಆಗ ಪರದೆಯ ಹಿಂದಿನಿಂದ ಫಕ್ರುನ್ನಿಸಾ ಬೇಗಂ ಮಾತಾಡಿದರು. "ತಹಸೀಲದಾರ ಸಾಹೇಬರಿಗೆ ಹೇಳ್ರಿ ಭಾಯಿ, ಜಾಗಾ ನಂದು. ನನ್ನ ಹಿತ್ತಲದಾಗ ಗೋಡಿ ಕಟ್ಟಾಕ ಮಲ್ಕಮ್ಮ ಆಪಾ ದಫ್ತರಿನಾಗ ಜಿಂದಾ ಇರಬೇಕಾಗಿಲ್ಲ." ತಹಸೀಲದಾರರು ಬಹಳ ಯೋಚಿಸಿ, ಇದು ನಿಯಮಕ್ಕೆ ಸರಿಯಾಗಿದೆ ಎಂದರು.

"ಕಲ್ಲು?" ಎಂದ ದೊಡ್ಡಪ್ಪ.

ಅಕ್ಕ ಅವನತ್ತ ನೋಡಿದಳು. "ದೊಡ್ಡಪ್ಪಾ, ನೀವೆಲ್ಲಾ ಯಾಕ ಬಂದಿದ್ದಿರಿ?"

"ನಿನಗ ಒಂದೊಂದು ಹಿಡಿ ಮಣ್ಣು ಹಾಕಾಕ ವೈನಿ."

"ಮಣ್ಣು ಆಮ್ಯಾಲ ಹಾಕೀರಂತ. ಈಗ ಒಂದೊಂದು ಕಲ್ಲು ತರ್ರಿ. ನಾಲ್ಕು ಗಾಡಿ ಅದಾವಲ್ಲ."

ಮೂರು ದಿನದ ದುಃಖಕ್ಕೆಂದು ಬುತ್ತಿ ಕಟ್ಟಿಕೊಂಡು ಬಂದವರು ಮೂರು ದಿನ ಕಲ್ಲು ಹೇರಿದರು. ಹಳ್ಳದ ದಂಡೆಯಿಂದ ಗೊಬ್ಬೂರಿನ ಎತ್ತುಗಳು ಎಳೆದು ತಂದವು. ಚಂದ್ರಾಮ ಅಂಗಡಿ ಮುಚ್ಚಿ ಬಂದು ಕೆಸರು ಕಲಸಿದ. ಹುಲೆಪ್ಪ ಗೂಡು ಮುಚ್ಚಿ, ಗುಣಿಯ ಮೇಲೆ ಶಹಾಬಾದಿನ ಫರಶಿ ಹಾಸಿದ. ಶೇರವಾನಿ ತೆಗೆದಿಟ್ಟು ನಾನೂ ಕಲ್ಲು ಹೊತ್ತೆ. ನಾನು ಇಟ್ಟ ಕಲ್ಲುಗಳನ್ನೆಲ್ಲ ದೊಡ್ಡಪ್ಪ ತೆಗೆದು ತಿರುಗಿ ಇಟ್ಟ. ನಡುವೆ ಅಡ್ಡಗೋಡೆ, ಎರಡು ಕೋಣೆ, ಮನುಷ್ಯನ ತಲೆಗಿಂತ ಎತ್ತರ. ತಗಡಿಲ್ಲದ್ದರಿಂದ ಸುಭದ್ರೆ ಎರಡು ಗೋಣಿತಟ್ಟಿನ ಪರದೆ ಹೊಲಿದು ಬಾಗಿಲಿಗೆ ಕಟ್ಟಿದಳು. ಮುಂದಿನ ತಿಂಗಳು ಕಮಿಟಿ ಅಕ್ಕನನ್ನು ಬಹುಮತದಿಂದ ಬದುಕಿಸಿ ಬಾಗಿಲುಗಳನ್ನು ಕಳಿಸಿತು.

ಮೂರನೆಯ ದಿನ ಹೊತ್ತು ಇಳಿದಾಗ 'ಮುಗೀತ್ರಿ' ಎಂದು ಹುಲೆಪ್ಪ ಕೈ ತೊಳೆದುಕೊಂಡ. ಅಕ್ಕ ಪಡಸಾಲೆಯಲ್ಲಿ ಕುಳಿತಿದ್ದಳು. ಒಂದು ದೊಡ್ಡ ತಂಬಿಗೆ ನೀರು ತರಿಸಿದಳು. ಎರಡು ವರ್ಷಗಳಲ್ಲಿ ಮೊದಲ ಸಲ, ಸಂಜೆಯ ಹೊತ್ತಿನಲ್ಲಿ, ಎಲ್ಲರ ಎದುರಿಗೆ, ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿ ಕುಡಿದಳು. ನಡುವೆ ಉಸಿರು ಬಿಡಲು ಸಹ ನಿಲ್ಲಿಸಲಿಲ್ಲ. ಗದ್ದದಿಂದ ಇಳಿದ ನೀರಿನಿಂದ ಎದೆಯ ಮೇಲಿನ ಲಿಂಗದ ಕರಡಿಗೆಯೂ ತೊಯ್ದಿತು. ತಂಬಿಗೆ ಕೆಳಗಿಟ್ಟು, "ಇನ್ನೊಂದು ತರ್ರಿ," ಎಂದಳು. ಮಾಳಿಗೆಗಳ ಮೇಲೆ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆಯೊಳಗೆ ನೀರು ಕುಡಿಯಲು ಹೋದರು.

ಆಮೇಲೆ ಎಂಟು ವರ್ಷ ಅಕ್ಕ ಬದುಕಿದಳು. ಹೊತ್ತು ಹೊತ್ತಿಗೆ ಉಂಡಳು, ನೀರು ಕುಡಿದಳು, ಮಂತ್ರ ಅಂದಳು. ಆ ಗೋಡೆಗಳೊಳಗೆ ನಮ್ಮ ಓಣಿಯ ಹೆಂಗಸರು ಇಂದಿಗೂ ಯಾರಿಗೂ ಅಂಜದೆ ಹೋಗಿ ಬರುತ್ತಾರೆ.

ಪರಶಿವನೇ, ನನ್ನ ಅಕ್ಕ ಮಲ್ಕಮ್ಮ ನಿನ್ನ ಬಳಿಗೆ ಬಂದಿದ್ದಾಳೆ. ತನಗೆ ಬೇಕಾದುದನ್ನು ಅವಳು ಬಾಯಿಬಿಟ್ಟು ಕೇಳುವುದು ಬಹಳ ತಡವಾಗಿ. ಅವಳು ಕೇಳುವ ಮೊದಲೇ ನೀನು ವಿಚಾರಿಸಿಕೋ. ಅವಳಿಗೆ ಬಾಯಾರಿಕೆ ಆಗದಿರಲಿ. ಅವಳ ದಣಿದ ಕಾಲಿಗೆ ನಿನ್ನ ಪಾದದ ಬಳಿ ವಿಶ್ರಾಂತಿ ಸಿಗಲಿ. ಅವಳ ಆತ್ಮಕ್ಕೆ ಶಾಂತಿಯನ್ನು ಕೊಡು ತಂದೆ.